ಶಾಲೆಯ ಅಂಗಳದಲ್ಲಿ ಮಗುವಿನ ರಕ್ಷಣೆ: ಹೊಣೆ ಯಾರದು?

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿರಿಯರು ಇದನ್ನು ಲೋಕವ್ಯವಹಾರದ ಅನೇಕ ಸಂದರ್ಭಗಳಿಗೆ ಅನ್ವಯಿಸಿ ಹೇಳುವುದುಂಟು. ಆದರೆ ಈ ಗಾದೆಯ ಮಾತು ದಿನದಿನವೂ ನಿಜವಾಗುವ ಒಂದು ಸ್ಥಳವಿದೆ. ಅದು ಶಾಲೆಯ ಅಂಗಳ. ಬಲವುಳ್ಳ ನಾಲ್ಕು ಮಕ್ಕಳಿಗೆ ವಿನೋದವಾಗಿ ತೋರುವುದು ಬಲವಿಲ್ಲದ ಒಂದು ಮಗುವಿಗೆ ಊಟ ನಿದ್ರೆಗಳನ್ನು ಕೆಡಿಸುವ ಸಂಕಟವಾಗಿರುತ್ತದೆ.

ಮಹಾನಗರದ ಜೀವನಕ್ರಮವನ್ನು ಬಲ್ಲವರಿಗೆ ಬೆಳಗಿನ ದೃಶ್ಯವನ್ನು ವರ್ಣಿಸಿ ಹೇಳಬೇಕಾಗಿಲ್ಲ. ತಂದೆ ಲೋಕಲ್ ರೈಲನ್ನೋ ಬಸ್ಸನ್ನೋ ಹಿಡಿಯುವ ಅವಸರದಲ್ಲಿದ್ದರೆ, ತಾಯಿಗೆ ಮನೆಗೆಲಸದೊಡನೆ ಕಚೇರಿಯ ಚಿಂತೆ. ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ ಹಿಡಿದ ಮಗು ಶಾಲೆಯ ಹೆಬ್ಬಾಗಿಲನ್ನು ದಾಟಿ ಒಳಗೆ ಹೋಯಿತೆಂದರೆ ಇಬ್ಬರಿಗೂ ಒಂದು ನೆಮ್ಮದಿ. ಮುಂದಿನ ಆರೇಳು ತಾಸು ಮಗು ಸುರಕ್ಷಿತವಾದ ಕೈಗಳಲ್ಲಿದೆ ಎಂಬ ನಂಬಿಕೆಯೇ ಆ ನೆಮ್ಮದಿಗೆ ಆಧಾರ. ಈ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಶಾಲೆಗೆ ಎಷ್ಟರಮಟ್ಟಿಗೆ ಇದೆ, ಅದನ್ನು ಶಾಲೆ ಹೇಗೆ ನಿರ್ವಹಿಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಕೀಟಲೆ ಯಾವುದು, ಕಾಟ ಯಾವುದು?

ಮಕ್ಕಳು ಕೂಡಿದ ಕಡೆ ಚೇಷ್ಟೆ, ಕೀಟಲೆ, ಜಗಳ ಇದ್ದದ್ದೇ. ಇಂದು ಜಗಳವಾಡಿದವರು ನಾಳೆ ಒಂದೇ ಡಬ್ಬಿಯಲ್ಲಿ ತಿಂಡಿ ಹಂಚಿಕೊಳ್ಳುತ್ತಾರೆ. ಇದರಿಂದ ಯಾರಿಗೂ ಹಾನಿಯಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ಬುಲ್ಲಿಯಿಂಗ್’ ಎಂದು ಕರೆಯುವ ಸಹಪಾಠಿಗಳ ಕಾಟವು ಬೇರೆಯೇ ಜಾತಿಯದು. ಇದನ್ನು ಗುರುತಿಸಲು ಮನಶ್ಶಾಸ್ತ್ರಜ್ಞರು ಮೂರು ಲಕ್ಷಣಗಳನ್ನು ಹೇಳಿದ್ದಾರೆ. ಮೊದಲನೆಯದಾಗಿ, ಅದು ನೋಯಿಸಬೇಕೆಂಬ ಉದ್ದೇಶದಿಂದಲೇ ನಡೆಯುತ್ತದೆ. ಎರಡನೆಯದಾಗಿ, ಅದು ಒಂದು ದಿನಕ್ಕೆ ಮುಗಿಯದೆ ಮತ್ತೆ ಮತ್ತೆ ನಡೆಯುತ್ತದೆ. ಮೂರನೆಯದಾಗಿ, ಇಬ್ಬರ ಬಲವೂ ಸಮನಾಗಿರುವುದಿಲ್ಲ. ಕಾಟಕ್ಕೆ ಗುರಿಯಾದ ಮಗು ತನ್ನನ್ನು ತಾನು ರಕ್ಷಿಸಿಕೊಳ್ಳಲಾರದು.

ಹೊಡೆತ, ನೂಕಾಟಗಳು ಮಾತ್ರ ಕಾಟವೆಂದು ಭಾವಿಸಬಾರದು. ಅಡ್ಡಹೆಸರಿಟ್ಟು ಕರೆಯುವುದು, ತಿಂಡಿಯ ಡಬ್ಬಿ ಕಸಿಯುವುದು, ಹಣ ಕೀಳುವುದು, ಸುಳ್ಳುಸುದ್ದಿ ಹಬ್ಬಿಸುವುದು, ಆಟಕ್ಕೆ ಸೇರಿಸದೆ ಹೊರಗಿಡುವುದು, ಇವೆಲ್ಲವೂ ಕಾಟವೇ. ಹೆಣ್ಣುಮಕ್ಕಳ ನಡುವೆ ಮಾತುಬಿಡಿಸಿ ಒಂಟಿಯಾಗಿಸುವ ಕ್ರಮ ಹೆಚ್ಚಾಗಿ ಕಾಣುತ್ತದೆ. ಈಗಂತೂ ಮೊಬೈಲ್ ಫೋನಿನ ಮೂಲಕ ಈ ಪೀಡೆ ಮಗುವಿನ ಮಲಗುವ ಕೋಣೆಯವರೆಗೂ ಬಂದಿದೆ. ಹಿಂದೆ ಶಾಲೆಯ ಗಂಟೆ ಬಾರಿಸಿದೊಡನೆ ದೊರೆಯುತ್ತಿದ್ದ ಬಿಡುಗಡೆಯೂ ಇಂದಿನ ಮಗುವಿಗೆ ಇಲ್ಲ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯೂ ಅಲ್ಲ. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಿಗೆ ಒಬ್ಬರು ಹಿಂದಿನ ಒಂದು ತಿಂಗಳಿನಲ್ಲಿ ಒಮ್ಮೆಯಾದರೂ ಸಹಪಾಠಿಗಳ ಕಾಟಕ್ಕೆ ಒಳಗಾಗಿದ್ದರು.

ನಾರ್ವೆ ದೇಶ ಕಲಿತ ಪಾಠ

ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದ ದೇಶ ನಾರ್ವೆ. 1982ರ ಕೊನೆಯಲ್ಲಿ ಆ ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷ ವಯಸ್ಸಿನ ಮೂವರು ಬಾಲಕರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಸಹಪಾಠಿಗಳ ತೀವ್ರವಾದ ಕಾಟವೇ ಇದಕ್ಕೆ ಕಾರಣವಾಗಿರಬಹುದೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಇಡೀ ದೇಶ ತಲ್ಲಣಿಸಿತು. ಅದುವರೆಗೆ ‘ಮಕ್ಕಳ ಜಗಳ’ ಎಂದು ತಳ್ಳಿಹಾಕಿದ್ದ ವಿಷಯವನ್ನು ಸರ್ಕಾರ ಕೈಗೆತ್ತಿಕೊಂಡು, 1983ರಲ್ಲಿ ರಾಷ್ಟ್ರವ್ಯಾಪಿ ಆಂದೋಲನವನ್ನು ಆರಂಭಿಸಿತು.

ಈ ಕಾರ್ಯಕ್ಕೆ ಶಾಸ್ತ್ರೀಯ ತಳಹದಿ ಒದಗಿಸಿದವರು ಡಾನ್ ಓಲ್ವಿಯಸ್ ಎಂಬ ಮನಶ್ಶಾಸ್ತ್ರಜ್ಞರು. ಸ್ವೀಡನ್ ದೇಶದಲ್ಲಿ ಹುಟ್ಟಿದ ಅವರು 1970ರ ದಶಕದ ಆರಂಭದಿಂದಲೇ ಈ ವಿಷಯವನ್ನು ಅಭ್ಯಸಿಸಿ, ನಾರ್ವೆಯ ಬರ್ಗೆನ್ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಸೇವೆ ಸಲ್ಲಿಸಿ, 2020ರಲ್ಲಿ ನಿಧನರಾದರು. 1983ರಲ್ಲಿ ಸುಮಾರು 1,30,000 ವಿದ್ಯಾರ್ಥಿಗಳಿಂದ, ಹೆಸರು ಬರೆಯದ ಪ್ರಶ್ನಪತ್ರಿಕೆಯ ಮೂಲಕ ಉತ್ತರ ಪಡೆಯಲಾಯಿತು. ಶೇಕಡಾ 9ರಷ್ಟು ಮಕ್ಕಳು ಕಾಟಕ್ಕೆ ಗುರಿಯಾಗಿದ್ದರು. ಶೇಕಡಾ 7ರಷ್ಟು ಮಕ್ಕಳು ಕಾಟ ಕೊಡುತ್ತಿದ್ದರು. ಕೆಲವರು ಎರಡೂ ಪಂಗಡಗಳಲ್ಲಿ ಇದ್ದರು. ಒಟ್ಟಿನಲ್ಲಿ ಏಳು ಮಕ್ಕಳಿಗೆ ಒಂದು ಮಗುವಾದರೂ ಈ ಜಾಲದಲ್ಲಿ ಸಿಲುಕಿತ್ತು.

ಲೆಕ್ಕ ಬರೆಯದ ನಷ್ಟ ಯಾವ ಸಂಸ್ಥೆಯ ಗಮನಕ್ಕೂ ಬರುವುದಿಲ್ಲ. ಲೆಕ್ಕ ಬರೆದ ಮೇಲೆ ನಾರ್ವೆಯ ಶಾಲೆಗಳಿಗೆ ಅನೇಕ ಸಂಗತಿಗಳು ತಿಳಿದುಬಂದವು. ಕಾಟವು ಹೆಚ್ಚಾಗಿ ಶಾಲೆಗೆ ಹೋಗಿಬರುವ ದಾರಿಯಲ್ಲಿ ನಡೆಯುತ್ತದೆ ಎಂಬ ನಂಬಿಕೆ ಸುಳ್ಳಾಯಿತು. ದಾರಿಗಿಂತ ಶಾಲೆಯ ಒಳಗೇ ಅದು ಹೆಚ್ಚು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿರುವುದೇ ಕಾರಣವೆಂಬ ವಾದಕ್ಕೂ ಅಲ್ಲಿ ಆಧಾರ ದೊರೆಯಲಿಲ್ಲ. ಆದರೆ ಬಿಡುವಿನ ವೇಳೆಯಲ್ಲಿ ಮಕ್ಕಳ ನಡುವೆ ಹೆಚ್ಚು ಮಂದಿ ಉಪಾಧ್ಯಾಯರು ಓಡಾಡುತ್ತಿದ್ದ ಶಾಲೆಗಳಲ್ಲಿ ಕಾಟ ಕಡಿಮೆಯಿತ್ತು.

ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು 1983ರಿಂದ 1985ರವರೆಗೆ ಓಲ್ವಿಯಸ್ ಅವರು ಗಮನಿಸಿದರು. ಆ ಶಾಲೆಗಳಲ್ಲಿ ಕೈಗೊಂಡ ಕ್ರಮಗಳು ದುಬಾರಿಯಾದವಲ್ಲ. ಉಪಾಧ್ಯಾಯರಿಗೆ 32 ಪುಟಗಳ ಒಂದು ಪುಸ್ತಿಕೆ, ತಂದೆತಾಯಿಗಳಿಗೆ ನಾಲ್ಕು ಪುಟಗಳ ಮಾಹಿತಿಪತ್ರ, ಬಿಡುವಿನ ವೇಳೆಯ ಮೇಲ್ವಿಚಾರಣೆ, ತರಗತಿಯಲ್ಲಿ ಮಕ್ಕಳೊಡನೆ ಕೂಡಿ ರೂಪಿಸಿದ ನಿಯಮಗಳು, ಕಾಟ ಕೊಟ್ಟವರೊಡನೆಯೂ ಕಾಟ ಅನುಭವಿಸಿದವರೊಡನೆಯೂ ಗಂಭೀರವಾದ ಮಾತುಕತೆ, ಇಷ್ಟೇ. ಎರಡು ವರ್ಷಗಳಲ್ಲಿ ಕಾಟದ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆಯಾಯಿತು. ಕಳವು, ಶಾಲೆ ತಪ್ಪಿಸುವುದು ಮುಂತಾದ ದುರ್ವರ್ತನೆಗಳೂ ಇಳಿದವು. ದೊಡ್ಡವರು ಮನಸ್ಸು ಮಾಡಿದರೆ ಇದನ್ನು ತಡೆಯಬಹುದು ಎಂಬುದು ಆ ಮೂರು ಎಳೆಯ ಜೀವಗಳ ಬೆಲೆ ತೆತ್ತು ಒಂದು ದೇಶ ಕಲಿತ ಪಾಠ.

ದೇಹ ಮತ್ತು ಮನಸ್ಸಿನ ಮೇಲಾಗುವ ಪರಿಣಾಮ

ಹತ್ತು ವರ್ಷದ ಬಾಲಕನೊಬ್ಬನಿಗೆ ಪ್ರತಿ ಸೋಮವಾರ ಬೆಳಗ್ಗೆ ಹೊಟ್ಟೆನೋವು ಬರುತ್ತದೆ ಎಂದಿಟ್ಟುಕೊಳ್ಳಬಹುದು. ವೈದ್ಯರು ಪರೀಕ್ಷಿಸುತ್ತಾರೆ, ರಕ್ತ, ಮೂತ್ರ ಎಲ್ಲವೂ ಸರಿಯಾಗಿವೆ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ನೋವು ಇಲ್ಲವೇ ಇಲ್ಲ. ಮನೆಯವರು ಇದನ್ನು ಶಾಲೆ ತಪ್ಪಿಸುವ ನೆಪವೆಂದು ಗದರಿಸುತ್ತಾರೆ. ಆದರೆ ನೋವು ಸುಳ್ಳಲ್ಲ. ಭಯದಲ್ಲಿರುವ ಮಗುವಿನ ದೇಹ ಸದಾ ಎಚ್ಚರದ ಸ್ಥಿತಿಯಲ್ಲಿರುತ್ತದೆ. ಆತಂಕಕಾಲದಲ್ಲಿ ಹೊರಬೀಳುವ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಜೀರ್ಣಕ್ರಿಯೆ, ನಿದ್ರೆ, ಏಕಾಗ್ರತೆ ಎಲ್ಲದರ ಮೇಲೂ ಪರಿಣಾಮ ಬೀರುತ್ತವೆ. ತಲೆನೋವು, ಹೊಟ್ಟೆನೋವು, ನಿದ್ರಾಭಂಗ, ಹಾಸಿಗೆಯಲ್ಲಿ ಮೂತ್ರವಾಗುವುದು ಇತ್ಯಾದಿ ತೊಂದರೆಗಳು ಕಾಟಕ್ಕೆ ಒಳಗಾದ ಮಕ್ಕಳಲ್ಲಿ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇಟಲಿಯ ವಿದ್ವಾಂಸರು 2009ರಲ್ಲಿ ತಿಳಿಸಿದ್ದಾರೆ.

ಶಾಲೆ ಮುಗಿದೊಡನೆ ಇದೆಲ್ಲ ಮರೆತುಹೋಗುತ್ತದೆ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸುತ್ತ ಬಂದಿದ್ದಾರೆ. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಏಳು ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಪದೇ ಪದೇ ಕಾಟಕ್ಕೆ ಒಳಗಾಗಿದ್ದವರಲ್ಲಿ ಸುಮಾರು ನಲವತ್ತು ವರ್ಷಗಳ ಅನಂತರವೂ ಖಿನ್ನತೆ, ಆತಂಕ ಮತ್ತು ಒಂಟಿತನ ಹೆಚ್ಚಾಗಿ ಕಂಡುಬಂದವು.

ಕಾಟ ಕೊಡುವ ಮಗುವಿಗೂ ಇದರಿಂದ ಒಳಿತಿಲ್ಲ. ಶಾಲೆಯಲ್ಲಿ ಇತರರನ್ನು ಪೀಡಿಸುತ್ತಿದ್ದ ಬಾಲಕರಲ್ಲಿ ನೂರಕ್ಕೆ ಸುಮಾರು 60 ಮಂದಿ 24ನೆಯ ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾಗಿದ್ದರೆಂದು ಓಲ್ವಿಯಸ್ ಅವರ ಅಧ್ಯಯನ ತೋರಿಸಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಮಾತು ಇಲ್ಲಿ ನೆನಪಿಗೆ ಬರುತ್ತದೆ. ತಡೆಯುವುದರಿಂದ ಎರಡೂ ಮಕ್ಕಳಿಗೆ ಉಪಕಾರ.

ಶಾಲೆಗೆ ಏಕೆ ಹೊಣೆ?

ವಾಣಿಜ್ಯಶಾಸ್ತ್ರವನ್ನು ಓದಿದವರೆಲ್ಲರಿಗೂ 1872ರ ಭಾರತೀಯ ಕರಾರು ಕಾಯಿದೆಯ ‘ಬೇಲ್‌ಮೆಂಟ್’ ಎಂಬ ಅಧ್ಯಾಯ ಪರಿಚಿತ. ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಮತ್ತೊಬ್ಬನ ವಶಕ್ಕೆ ಕೊಟ್ಟು, ಉದ್ದೇಶ ಈಡೇರಿದ ಮೇಲೆ ಹಿಂದಕ್ಕೆ ಪಡೆಯುವ ವ್ಯವಹಾರವಿದು. ರಿಪೇರಿಗೆ ಕೊಟ್ಟ ಗಡಿಯಾರ, ಅಗಸನಿಗೆ ಕೊಟ್ಟ ಬಟ್ಟೆ ಇದಕ್ಕೆ ಉದಾಹರಣೆಗಳು. ಆ ಕಾಯಿದೆಯ 151ನೆಯ ಕಲಮಿನ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟೇ ಎಚ್ಚರವನ್ನು ಪಡೆದವನು ವಹಿಸಬೇಕು. ಮಗು ವಸ್ತುವಲ್ಲ, ಶಾಲೆಗೆ ಅನ್ವಯಿಸುವ ನ್ಯಾಯ ಬೇರೆ. ಆದರೂ ಒಂದು ಗಡಿಯಾರದ ವಿಷಯದಲ್ಲೇ ಕಾಯಿದೆ ಇಷ್ಟು ಎಚ್ಚರವನ್ನು ಬಯಸುವಾಗ, ಮಗುವನ್ನು ವಶಕ್ಕೆ ಪಡೆದವರು ಅದಕ್ಕಿಂತ ಕಡಿಮೆ ಎಚ್ಚರ ವಹಿಸಿದರೆ ಸಾಕೆಂದು ಯಾರು ತಾನೇ ಹೇಳಬಲ್ಲರು?

ನ್ಯಾಯಾಲಯಗಳೂ ಇದೇ ದಿಕ್ಕಿನಲ್ಲಿ ಆಲೋಚಿಸಿವೆ. 1893ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ವಿಲಿಯಮ್ಸ್ ವಿರುದ್ಧ ಈಡಿ ಎಂಬ ಮೊಕದ್ದಮೆಯಲ್ಲಿ, ಎಚ್ಚರಿಕೆಯುಳ್ಳ ತಂದೆ ತನ್ನ ಮಕ್ಕಳನ್ನು ನೋಡಿಕೊಳ್ಳುವಂತೆ ಉಪಾಧ್ಯಾಯನು ವಿದ್ಯಾರ್ಥಿಗಳನ್ನು ನೋಡಿಕೊಳ್ಳಬೇಕೆಂಬ ಅಳತೆಗೋಲನ್ನು ನ್ಯಾಯಾಧೀಶರು ಮುಂದಿಟ್ಟರು. ಅದೇ ದೇಶದ 2006ರ ಶಾಸನವೊಂದು, ವಿದ್ಯಾರ್ಥಿಗಳ ನಡುವಿನ ಕಾಟವನ್ನು ತಡೆಯುವ ಕ್ರಮಗಳನ್ನು ಗೊತ್ತುಪಡಿಸುವುದು ಮುಖ್ಯೋಪಾಧ್ಯಾಯರ ಕರ್ತವ್ಯವೆಂದು ವಿಧಿಸಿತು. ಜಪಾನಿನ ಓತ್ಸು ನಗರದಲ್ಲಿ 2011ರಲ್ಲಿ ಕಾಟ ತಾಳಲಾರದೆ ಒಬ್ಬ ಬಾಲಕ ಸಾವಿಗೀಡಾದ ಪ್ರಕರಣ ದೇಶವನ್ನು ಕಲಕಿದ ಮೇಲೆ, 2013ರಲ್ಲಿ ಅಲ್ಲಿ ಪ್ರತ್ಯೇಕ ಕಾಯಿದೆಯೇ ಬಂದಿತು.

ನಮ್ಮ ದೇಶದಲ್ಲಿ ಕಾಲೇಜುಗಳ ರ‍್ಯಾಗಿಂಗ್ ಪಿಡುಗಿನ ವಿರುದ್ಧ ಕಾನೂನು ಮೊದಲು ಎಚ್ಚತ್ತಿತು. ತಮಿಳುನಾಡು 1997ರಲ್ಲಿಯೇ ನಿಷೇಧ ಕಾಯಿದೆಯನ್ನು ತಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಹೊರಡಿಸಿತು. ಶಾಲೆಗಳ ಮಟ್ಟಿಗೆ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೆಯ ಕಲಮು ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸುವುದನ್ನು ಶಿಕ್ಷಣದ ಗುರಿಗಳಲ್ಲಿ ಒಂದಾಗಿ ಎಣಿಸುತ್ತದೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2015ರ ಮಾರ್ಚ್ ತಿಂಗಳಿನ ಸುತ್ತೋಲೆಯಲ್ಲಿ, ತನ್ನ ಶಾಲೆಗಳು ಕಾಟನಿವಾರಣಾ ಸಮಿತಿಗಳನ್ನು ರಚಿಸಬೇಕೆಂದು ತಿಳಿಸಿತು. ಆದುದರಿಂದ ‘ಇದು ಮಕ್ಕಳ ವಿಷಯ, ನಮಗೆ ಸಂಬಂಧಿಸಿದ್ದಲ್ಲ’ ಎಂದು ಹೇಳುವ ಸ್ವಾತಂತ್ರ್ಯ ಇಂದು ಯಾವ ಶಾಲೆಗೂ ಇಲ್ಲ.

ಶಾಲೆ ಮಾಡಬೇಕಾದುದೇನು?

1. ವರ್ಷಕ್ಕೊಮ್ಮೆಯಾದರೂ ಹೆಸರು ಬರೆಯದ ಪ್ರಶ್ನಪತ್ರಿಕೆಯ ಮೂಲಕ ಮಕ್ಕಳಿಂದಲೇ ನಿಜಸ್ಥಿತಿಯನ್ನು ತಿಳಿಯಬೇಕು. ‘ನಮ್ಮ ಶಾಲೆಯಲ್ಲಿ ಅಂಥದ್ದೇನೂ ಇಲ್ಲ’ ಎಂಬುದು ಪರೀಕ್ಷೆ ಮಾಡದೆ ಕೊಟ್ಟ ಪ್ರಮಾಣಪತ್ರವಾಗುತ್ತದೆ.

2. ಬಿಡುವಿನ ವೇಳೆ, ಶೌಚಾಲಯದ ಬಳಿ, ಮೆಟ್ಟಿಲುಗಳಲ್ಲಿ, ಶಾಲಾ ಬಸ್ಸಿನಲ್ಲಿ ದೊಡ್ಡವರ ಮೇಲ್ವಿಚಾರಣೆ ಇರಬೇಕು. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬ ಪಟ್ಟಿ ಗೋಡೆಯ ಮೇಲಿರಬೇಕು. ಎಲ್ಲರ ಕೆಲಸವೆಂದದ್ದು ಯಾರ ಕೆಲಸವೂ ಆಗುವುದಿಲ್ಲ.

3. ಬಂದ ದೂರನ್ನು ದಿನಾಂಕದೊಡನೆ ದಾಖಲಿಸಿ, ಕೈಗೊಂಡ ಕ್ರಮವನ್ನೂ ಬರೆಯಬೇಕು. ಕೆಲವು ವಾರಗಳ ಅನಂತರ ಮತ್ತೊಮ್ಮೆ ಮಗುವನ್ನು ವಿಚಾರಿಸಬೇಕು. ಏಕೆಂದರೆ ದೂರು ಕೊಟ್ಟವನಿಗೆ ಗುಟ್ಟಾಗಿ ಸೇಡು ತೀರಿಸುವುದು ಸಾಮಾನ್ಯ.

4. ಕಾಟ ಕೊಟ್ಟವರನ್ನೂ ಅನುಭವಿಸಿದವನನ್ನೂ ಎದುರುಬದುರು ನಿಲ್ಲಿಸಿ ‘ಕೈಕುಲುಕಿ’ ಎನ್ನುವ ಪದ್ಧತಿಯನ್ನು ಬಿಡಬೇಕು. ಸಮಬಲರ ಜಗಳಕ್ಕೆ ರಾಜಿ ಸರಿ; ಬಲವಂತನ ಪೀಡನೆಗೆ ರಾಜಿ ಎಂಬುದಿಲ್ಲ. ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತನಾಡಬೇಕು.

5. ನೋಡುತ್ತ ನಿಲ್ಲುವ ಮಕ್ಕಳಿಗೆ ಶಿಕ್ಷಣ ಕೊಡಬೇಕು. ಕೆನಡಾ ದೇಶದ ಶಾಲಾ ಅಂಗಳಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಪಾಠಿಯೊಬ್ಬ ನಡುವೆ ಬಂದು ತಡೆದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಾಟ ಹತ್ತು ಸೆಕೆಂಡುಗಳೊಳಗೆ ನಿಂತುಹೋಗಿತ್ತು. ಫಿನ್‌ಲೆಂಡ್ ದೇಶ 2009ರಿಂದ ತನ್ನ ಶಾಲೆಗಳಲ್ಲಿ ಹರಡಿದ ‘ಕಿವಾ’ ಕಾರ್ಯಕ್ರಮವೂ ಇದೇ ತತ್ತ್ವವನ್ನು ಆಧರಿಸಿದೆ.

6. ಉಪಾಧ್ಯಾಯರು ತಮ್ಮ ಮಾತಿನ ಬಗ್ಗೆ ತಾವೇ ಎಚ್ಚರ ವಹಿಸಬೇಕು. ಗುರುವೇ ಒಬ್ಬ ಹುಡುಗನ ಉಚ್ಚಾರಣೆಯನ್ನು ಅಣಕಿಸಿದರೆ, ತರಗತಿಗೆ ಅದು ಅನುಮತಿಪತ್ರವಾಗುತ್ತದೆ.

ಹೊರನಾಡ ಕನ್ನಡ ಮಕ್ಕಳ ಪರಿಸ್ಥಿತಿ

ಈ ಕೊನೆಯ ಅಂಶ ಹೊರನಾಡ ಕನ್ನಡಿಗರಿಗೆ ಹೆಚ್ಚು ಸಂಬಂಧಿಸಿದ್ದು. ಕನ್ನಡದಲ್ಲಿ ರೈಲು, ಪುಸ್ತಕ, ರೊಟ್ಟಿ ಎಲ್ಲವೂ ನಪುಂಸಕಲಿಂಗ. ಹಿಂದಿಯಲ್ಲಾದರೋ ಪ್ರತಿಯೊಂದು ವಸ್ತುವೂ ಗಂಡು ಅಥವಾ ಹೆಣ್ಣು. ಹೊಸದಾಗಿ ದೆಹಲಿಗೋ ಮುಂಬಯಿಗೋ ಬಂದ ಕನ್ನಡ ಮಗು ಬಾಯಿ ತೆರೆದೊಡನೆ ಲಿಂಗ ತಪ್ಪುತ್ತದೆ, ತರಗತಿ ನಗುತ್ತದೆ. ಮಹಾರಾಷ್ಟ್ರದಲ್ಲಿ ಎಲ್ಲರಿಗೂ ಇರುವ ಮನೆತನದ ಹೆಸರು ಮೈಸೂರು ಕಡೆಯ ಎಷ್ಟೋ ಮಕ್ಕಳಿಗೆ ಇರುವುದಿಲ್ಲ. ಹಾಜರಿ ಕರೆಯುವಾಗ ಮತ್ತೆ ನಗು. ಚೆನ್ನೈಯಲ್ಲಿ ಕಾವೇರಿ ನೀರಿನ ವಿವಾದ ಪತ್ರಿಕೆಯಲ್ಲಿ ಬಂದ ದಿನ, ನದಿಯನ್ನೇ ನೋಡಿರದ ಮಗು ಅದಕ್ಕೆ ಉತ್ತರ ಹೇಳಬೇಕಾದೀತು. ಡಬ್ಬಿಯಲ್ಲಿರುವ ರಾಗಿರೊಟ್ಟಿಯ ಬಣ್ಣವೂ ಹಾಸ್ಯಕ್ಕೆ ವಸ್ತುವಾಗಬಹುದು. ಒಮ್ಮೆ ನಕ್ಕರೆ ವಿನೋದ; ವರ್ಷವಿಡೀ ನಕ್ಕರೆ ಅದು ಪೀಡನೆ.

ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವವರ ಮಕ್ಕಳಿಗೆ ಇನ್ನೊಂದು ಕಷ್ಟ. ತಂದೆಯ ವರ್ಗಾವಣೆಯೊಡನೆ ಶಾಲೆಯೂ ಬದಲಾಗುತ್ತದೆ. ವರ್ಷದ ನಡುವೆ ಬಂದ ಮಗುವಿಗೆ ಪಕ್ಕದಲ್ಲಿ ಕೂರುವ ಸ್ನೇಹಿತನಿಲ್ಲ. ಕಾಟ ಕೊಡುವವರು ಹುಡುಕುವುದು ಇಂತಹ ಒಂಟಿ ಮಗುವನ್ನೇ. ಹೊಸದಾಗಿ ಸೇರಿದ ಪ್ರತಿ ಮಗುವಿಗೂ ಮೊದಲ ಕೆಲವು ವಾರ ಒಬ್ಬ ಜೊತೆಗಾರನನ್ನು ಗೊತ್ತುಮಾಡುವುದು ಶಾಲೆಗೆ ಕಾಸಿನ ಖರ್ಚಿಲ್ಲದ ಕೆಲಸ.

ತಂದೆತಾಯಿಗಳು ಗಮನಿಸಬೇಕಾದ ಚಿಹ್ನೆಗಳು ಕೆಲವಿವೆ. ಹರಿದ ಬಟ್ಟೆ, ಕಳೆದುಹೋಗುವ ಪುಸ್ತಕ, ಮುಟ್ಟದೆ ಹಿಂತಿರುಗುವ ಡಬ್ಬಿ, ಕಾರಣ ಹೇಳದೆ ಕೇಳುವ ಹಣ, ಶಾಲೆಗೆ ಹೊರಡುವಾಗಿನ ಹೊಟ್ಟೆನೋವು, ಇದ್ದಕ್ಕಿದ್ದಂತೆ ಇಳಿದ ಅಂಕಗಳು, ಫೋನ್ ಸದ್ದಾದಾಗ ಬಾಡುವ ಮುಖ. ಇವು ಕಂಡಾಗ ‘ನೀನೂ ನಾಲ್ಕು ಹೊಡೆದು ಬಾ’ ಎನ್ನುವುದೂ ತಪ್ಪು, ‘ಸುಮ್ಮನಿದ್ದರೆ ಅವರೇ ಬಿಡುತ್ತಾರೆ’ ಎನ್ನುವುದೂ ತಪ್ಪು. ಮೊದಲು ಮಗುವಿನ ಮಾತನ್ನು ತಡೆಯದೆ, ಅದರ ಮನೆಮಾತಿನಲ್ಲಿಯೇ ಕೇಳಬೇಕು. ಅನಂತರ ತರಗತಿಯ ಉಪಾಧ್ಯಾಯರನ್ನೂ, ಅಗತ್ಯವಾದರೆ ಮುಖ್ಯೋಪಾಧ್ಯಾಯರನ್ನೂ ಕಾಣಬೇಕು. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ದಿನಾಂಕ, ಸ್ಥಳ, ನಡೆದ ಸಂಗತಿ ಬರೆದ ಪತ್ರಕ್ಕೆ ಸ್ವೀಕೃತಿ ಪಡೆಯಬೇಕು. ಫೋನಿಗೆ ಬಂದ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು. ಶಾಲೆ ಕದಲದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಸಲ್ಲಿಸಬಹುದು.

ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಯೋಜನೆಯಿದು. ಮನಸ್ಸಿನ ಆರೋಗ್ಯಕ್ಕೆಂದು 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ‘ಬದುಕು ಬೇಡ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹುಡುಗಾಟವೆಂದು ತಳ್ಳದೆ, ಮಗುವನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರನ್ನು ಕಾಣಬೇಕು.

ಇನ್ನೊಂದು ಮಾತು. ತಮ್ಮ ಮಗುವೇ ಇತರರಿಗೆ ಕಾಟ ಕೊಡುತ್ತಿದೆಯೆಂದು ಶಾಲೆಯಿಂದ ಪತ್ರ ಬಂದಾಗ ಅನೇಕ ತಂದೆತಾಯಿಗಳು ಮಗುವಿನ ವಕೀಲರಾಗಿ ಹೊರಡುತ್ತಾರೆ. ಪ್ರೀತಿಯಿರುವ ಮನೆ ಆ ಪತ್ರವನ್ನು ಶಾಂತವಾಗಿ ಓದಿ, ಶಾಲೆಯೊಡನೆ ಸಹಕರಿಸಬೇಕು.

ಉಪಸಂಹಾರ

ಶಾಲೆಯ ಹಿರಿಮೆಯನ್ನು ಪರೀಕ್ಷೆಯ ಫಲಿತಾಂಶದಿಂದ, ಕಟ್ಟಡದ ಎತ್ತರದಿಂದ ಅಳೆಯುವ ವಾಡಿಕೆ ಬೆಳೆದಿದೆ. ಮಗುವನ್ನು ಸೇರಿಸಲು ಹೋದ ತಂದೆತಾಯಿಗಳು ಶುಲ್ಕವೆಷ್ಟು, ಫಲಿತಾಂಶವೆಷ್ಟು ಎಂದು ಕೇಳುತ್ತಾರೆ. ಇವುಗಳೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ವಿಹಿತ: ‘ಇಲ್ಲಿ ಒಂದು ಮಗುವನ್ನು ಇತರರು ಪೀಡಿಸಿದರೆ ಅದು ಯಾರಿಗೆ ಹೇಳಬೇಕು? ಹೇಳಿದ ಮೇಲೆ ನೀವು ಏನು ಮಾಡುತ್ತೀರಿ?’ ಉತ್ತರ ತಡವರಿಸದೆ ಬಂದರೆ ಆ ಶಾಲೆ ತನ್ನ ವಶಕ್ಕೆ ಬಂದುದರ ಬೆಲೆಯನ್ನು ಬಲ್ಲದು. ಬೆಳಗ್ಗೆ ಒಪ್ಪಿಸಿದ ಮಗು ಸಂಜೆ ಮನೆಗೆ ಮರಳಿದರೆ ಸಾಲದು. ಹೋದಾಗ ಇದ್ದ ನಗು ಮರಳುವಾಗಲೂ ಅದರ ಮುಖದ ಮೇಲಿರಬೇಕು.